ಗೋಡೆಯ ಸ್ಟೀಲ್ ಪ್ಲೇಟ್ ಸೆನ್ಸರ್ ತಪ್ಪು ತಾಪಮಾನ ತೋರಿಸಿದರೆ: ದೋಷ ಹುಡುಕುವ ಬಗೆ

ರೂಮಿನಲ್ಲಿ ಕೂತವರು ಶಾಲು ಹೊದ್ದಿದ್ದಾರೆ, ಬಿಎಂಎಸ್ (ಕಟ್ಟಡದ ಎಸಿ, ಹೀಟರ್‌ಗಳನ್ನು ಒಂದೇ ಕಡೆಯಿಂದ ನಡೆಸುವ ಕಂಪ್ಯೂಟರ್ ವ್ಯವಸ್ಥೆ) ಪರದೆ ಮಾತ್ರ 24.5 ಡಿಗ್ರಿ ಎನ್ನುತ್ತಿದೆ. ಇಲ್ಲವೇ ಮಧ್ಯಾಹ್ನ ಸೆಕೆಯಲ್ಲಿ ಬೇಯುತ್ತಿದ್ದಾರೆ, ಪರದೆಯಲ್ಲಿ 21 ಇದೆ, ಎಸಿ ಆರಾಮಾಗಿ ನಿಂತಿದೆ. ಇಂಥ ದೂರು ಬಂದರೆ ಸಾಮಾನ್ಯವಾಗಿ ಆಗುವುದು ಎರಡೇ: ಸೆನ್ಸರ್ ಬದಲಿಸುತ್ತಾರೆ, ಅದರಿಂದ ಸರಿಹೋಗದಿದ್ದರೆ ಸಾಫ್ಟ್‌ವೇರಿನಲ್ಲಿ ಮೂರೋ ನಾಲ್ಕೋ ಡಿಗ್ರಿ ಆಫ್‌ಸೆಟ್ (ರೀಡಿಂಗಿಗೆ ಕೂಡಿಸುವ ಇಲ್ಲವೇ ಕಳೆಯುವ ಅಂಕಿ) ಹಾಕಿ ಕೈತೊಳೆದುಕೊಳ್ಳುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಈ ಬಗೆಯ ಸೆನ್ಸರಿನಲ್ಲಿ ಎಲಿಮೆಂಟ್, ಅಂದರೆ ಬಿಸಿಯನ್ನು ಗ್ರಹಿಸುವ ಪುಟ್ಟ ಭಾಗ, ಕೆಡುವುದು ಅಪರೂಪ. ಕೆಟ್ಟಿರುವುದು ಹೆಚ್ಚಾಗಿ ಅದರ ಬೆನ್ನ ಹಿಂದಿನ ತೂತು, ಅಲ್ಲಿಂದ ಹೊರಟ ವೈರು, ಅಥವಾ ವೈರಿನ ಇನ್ನೊಂದು ತುದಿಯ ಸೆಟ್ಟಿಂಗ್.

ಇಲ್ಲಿ ಹೇಳುತ್ತಿರುವುದು ಗುಂಡಿ, ಪರದೆ, ಜಾಲರಿ ಯಾವುದೂ ಇಲ್ಲದ, ಸ್ವಿಚ್‌ಬೋರ್ಡಿನ ಖಾಲಿ ಪ್ಲೇಟಿನಂತೆ ಕಾಣುವ ಸೆನ್ಸರಿನ ಬಗ್ಗೆ. ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟಿನ ಒಳಮೈಗೆ ಪುಟ್ಟ ಥರ್ಮಿಸ್ಟರನ್ನೋ (ಬಿಸಿಗೆ ತಕ್ಕಂತೆ ವಿದ್ಯುತ್ ತಡೆ ಬದಲಾಗುವ ಬಿಡಿಭಾಗ) ಪ್ಲಾಟಿನಂ ಎಲಿಮೆಂಟನ್ನೋ ಎಪಾಕ್ಸಿಯಿಂದ ಕೂರಿಸಿ, ಅದರ ಮೇಲೊಂದು ಫೋಮ್ ಹಾಳೆ ಅಂಟಿಸಿರುತ್ತಾರೆ. ಆಸ್ಪತ್ರೆಯ ಕಾರಿಡಾರ್, ಹಾಸ್ಟೆಲ್, ಕಾಲೇಜು ಲ್ಯಾಬ್, ಬ್ಯಾಂಕು, ರೆಸಾರ್ಟಿನ ಲಾಬಿ, ಹೀಗೆ ಹತ್ತು ಜನ ಕೈಯಾಡಿಸುವ ಜಾಗಗಳಿಗೆ ಇದನ್ನು ಆರಿಸುತ್ತಾರೆ. ಜನಕ್ಕೆ ಅದು ಸೆನ್ಸರ್ ಎಂದೇ ಗೊತ್ತಾಗುವುದಿಲ್ಲ, ಗೊತ್ತಾದರೂ ಮಾಮೂಲಿ ಸ್ಕ್ರೂಡ್ರೈವರಿಗೆ ಬಿಚ್ಚಲು ಬರುವುದಿಲ್ಲ.

ಅದರ ಗುಣವೇ ಅದರ ದೌರ್ಬಲ್ಯವೂ ಹೌದು. ಜಾಲರಿ ಇರುವ ಪ್ಲಾಸ್ಟಿಕ್ ಡಬ್ಬಿಯ ಸೆನ್ಸರಿನ ಒಳಗೆ ರೂಮಿನ ಗಾಳಿ ಓಡಾಡುತ್ತದೆ. ಇದು ಅಳೆಯುವುದು ಪ್ಲೇಟಿನ ಬಿಸಿಯನ್ನು ಮಾತ್ರ. ಪ್ಲೇಟಿನ ಒಂದು ಮುಖ ರೂಮಿಗೆ, ಇನ್ನೊಂದು ಮುಖ ಗೋಡೆಯೊಳಗಿನ ಬಾಕ್ಸಿಗೆ. ಬಾಕ್ಸಿನೊಳಗೆ ಏನು ನಡೆದಿದೆ ಎಂಬುದರ ಮೇಲೆ ರೀಡಿಂಗ್ ನಿಂತಿದೆ. (ಮುಂದೆ ಡಿಗ್ರಿ ಎಂದಲ್ಲೆಲ್ಲ ಸೆಲ್ಸಿಯಸ್ ಎಂದೇ ತಿಳಿಯಿರಿ.)

ಸ್ಕ್ರೂ ಮುಟ್ಟುವ ಮೊದಲು

ಏಣಿ, ಟೂಲ್‌ಬ್ಯಾಗ್ ತೆಗೆಯುವ ಮುನ್ನ ಬಿಎಂಎಸ್ ಪರದೆಯಲ್ಲಿ ಆ ಪಾಯಿಂಟಿನ, ಅಂದರೆ ಆ ಸೆನ್ಸರಿನ ರೀಡಿಂಗಿನ, ಟ್ರೆಂಡ್ ಗ್ರಾಫ್ ತೆರೆಯಿರಿ. ಹಿಂದಿನ ಒಂದು ವಾರದ್ದು, ಸಾಧ್ಯವಾದರೆ ಒಂದು ನಿಮಿಷಕ್ಕೊಂದು ರೀಡಿಂಗ್ ಇರುವುದು, ಪಕ್ಕದ ರೂಮಿನ ಗೆರೆಯೊಂದಿಗೆ ಒಟ್ಟಿಗೆ. ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ.

ಗೆರೆ ರೂಲರ್ ಇಟ್ಟು ಎಳೆದಂತೆ ಚಪ್ಪಟೆ ಇದ್ದರೆ ಅದು ಸೆನ್ಸರಿನದ್ದಲ್ಲ. ಯಾರೋ ಆ ಪಾಯಿಂಟನ್ನು ಮ್ಯಾನುವಲ್‌ಗೆ ಹಾಕಿ ಮರೆತಿದ್ದಾರೆ, ಬ್ಯಾಕ್‌ನೆಟ್ (ಕಟ್ಟಡದ ಸಾಧನಗಳು ಪರಸ್ಪರ ಮಾತಾಡುವ ಒಂದು ಪದ್ಧತಿ) ಆದರೆ ‘ಔಟ್ ಆಫ್ ಸರ್ವಿಸ್’ ಟಿಕ್ ಬಿದ್ದಿದೆ, ಅಥವಾ ಕಂಟ್ರೋಲರ್ (ಸೆನ್ಸರಿನ ವೈರು ಬಂದು ಸೇರುವ ನಿಯಂತ್ರಣ ಪೆಟ್ಟಿಗೆ) ನೆಟ್‌ವರ್ಕಿನಿಂದ ಕಳಚಿ ಕೊನೆಯ ರೀಡಿಂಗ್ ಹಾಗೇ ಉಳಿದಿದೆ. ನಿಜವಾದ ರೂಮಿನ ತಾಪಮಾನ ಎಂದೂ ಅಷ್ಟು ಚಪ್ಪಟೆ ಇರುವುದಿಲ್ಲ.

ಗೆರೆ ಸದಾ ಹೆಚ್ಚುಕಮ್ಮಿ ಒಂದೇ ಅಂತರದಲ್ಲಿ ಮೇಲೋ ಕೆಳಗೋ ಇದ್ದರೆ ಟೇಬಲ್ (ಓಮನ್ನು ಡಿಗ್ರಿಗೆ ಬದಲಿಸುವ ಪಟ್ಟಿ) ತಪ್ಪು, ಎಲಿಮೆಂಟಿನ ಟೈಪ್ ತಪ್ಪು ಅಥವಾ ವೈರಿನ ಓಮ್ (ವಿದ್ಯುತ್ ತಡೆ). ಬೆಳಗಿನ ಜಾವ ಕಮ್ಮಿ, ಮಧ್ಯಾಹ್ನ ಜಾಸ್ತಿ, ಹೀಗೆ ಹೊರಗಿನ ಹವೆಯ ಜೊತೆ ತೂಗಾಡಿದರೆ ಪೈಪಿನ ಗಾಳಿ ಅಥವಾ ಹೊರಗೋಡೆ. ಜೂನ್ ಶುರುವಾಗುತ್ತಿದ್ದಂತೆ ನಿಧಾನವಾಗಿ ಜರುಗಿ ನವೆಂಬರಿಗೆ ತಾನಾಗೇ ಸರಿಹೋದರೆ ತೇವ. ಎರಡು ನಿಮಿಷದಲ್ಲಿ ನಾಲ್ಕು ಡಿಗ್ರಿ ಹಾರಿ ಅರ್ಧ ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ, ಪಕ್ಕದ ರೂಮಿನ ಗೆರೆ ಅಲುಗದಿದ್ದರೆ, ಅದು ಮನುಷ್ಯನ ಕೈವಾಡ. ಗೆರೆ ಮುಳ್ಳುಮುಳ್ಳಾಗಿ, ಪಂಪು ಅಥವಾ ಎಎಚ್‌ಯು (ಎಸಿಯ ಗಾಳಿ ತಳ್ಳುವ ಯಂತ್ರ) ಶುರುವಾದಾಗಲೇ ಕುಣಿದರೆ ವಿಎಫ್‌ಡಿಯ (ಮೋಟಾರಿನ ವೇಗ ಬದಲಿಸುವ ಸಾಧನ) ವಿದ್ಯುತ್ ಗದ್ದಲ. ಒಮ್ಮೆಲೇ ಮೈನಸ್ 40ಕ್ಕೋ 120ಕ್ಕೋ ಹೋಗಿ ಅಲ್ಲೇ ಅಂಟಿಕೊಂಡರೆ ವೈರು ಕಡಿದಿದೆ ಅಥವಾ ಶಾರ್ಟ್ ಆಗಿದೆ.

ಈ ಕೊನೆಯದನ್ನು ಓದುವಾಗ ಎಲಿಮೆಂಟ್ ಯಾವುದೆಂದು ನೋಡಿಕೊಳ್ಳಿ. ಎನ್‌ಟಿಸಿ ಥರ್ಮಿಸ್ಟರಿನಲ್ಲಿ ಬಿಸಿ ಏರಿದಂತೆ ಓಮ್ ಇಳಿಯುತ್ತದೆ. ಹಾಗಾಗಿ ವೈರು ಕಡಿದರೆ ವಿಪರೀತ ಚಳಿ, ಶಾರ್ಟ್ ಆದರೆ ವಿಪರೀತ ಬಿಸಿ ತೋರಿಸುತ್ತದೆ. ಪಿಟಿ1000, ಎನ್‌ಐ1000ಗಳಲ್ಲಿ (0 ಡಿಗ್ರಿಗೆ 1,000 ಓಮ್ ಇರುವ ಪ್ಲಾಟಿನಂ, ನಿಕಲ್ ಎಲಿಮೆಂಟುಗಳು) ಇದು ಪೂರ್ತಿ ತಲೆಕೆಳಗು.

ಜೊತೆಗೆ ಒಯ್ಯಬೇಕಾದದ್ದು

ಓಮ್ ನಿಖರವಾಗಿ ತೋರಿಸುವ ಮಲ್ಟಿಮೀಟರ್. ದಶಮಾಂಶ ತೋರಿಸುವ, ನಂಬಿಕೆಯ ಡಿಜಿಟಲ್ ಥರ್ಮಾಮೀಟರ್ ಒಂದು. ನಡುವೆ ಕಡ್ಡಿ ಇರುವ ಟಾರ್ಕ್ಸ್ ಸ್ಕ್ರೂಗಳಿಗೆ ತಕ್ಕ ತೂತಿನ ಬಿಟ್ ಸೆಟ್. 10 ಕಿಲೋ ಓಮಿನ ಮೆಟಲ್ ಫಿಲ್ಮ್ ರೆಸಿಸ್ಟರ್ ನಾಲ್ಕಾರು. ಡಕ್ಟ್ ಸೀಲ್ ಪುಟ್ಟಿ, ಜೆಲ್ ತುಂಬಿದ ವೈರ್ ಜಾಯಿಂಟ್‌ಗಳು, ಒಂದು ಪೊಟ್ಟಣ ಊದುಬತ್ತಿ. ಊದುಬತ್ತಿ ತಮಾಷೆಗಲ್ಲ, ಮುಂದೆ ಕೆಲಸಕ್ಕೆ ಬರುತ್ತದೆ.

ಗನ್ ಥರ ಹಿಡಿದು ಕೆಂಪು ಚುಕ್ಕಿ ಬಿಡುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಬರಿ ಸ್ಟೀಲಿನ ಮೇಲೆ ನಂಬಬೇಡಿ. ಹೊಳೆಯುವ ಸ್ಟೀಲ್ ಕನ್ನಡಿಯಂತೆ ವರ್ತಿಸುತ್ತದೆ. ಎದುರು ನಿಂತ ನಿಮ್ಮ ಮೈಯ ಬಿಸಿಯನ್ನೇ ನಿಮಗೆ ತೋರಿಸುತ್ತದೆ. ಪ್ಲೇಟಿನ ಮೇಲೆ ಎರಡು ಇಂಚು ಮಾಸ್ಕಿಂಗ್ ಟೇಪ್ ಅಥವಾ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಐದು ನಿಮಿಷ ಬಿಟ್ಟು, ಟೇಪಿನ ಮೇಲೆ ಅಳೆಯಿರಿ. ಆಗ ಸರಿಯಾದ ಉತ್ತರ ಸಿಗುತ್ತದೆ.

ಮೂರು ರೀಡಿಂಗ್

ಇಡೀ ಕೆಲಸದಲ್ಲಿ ತುಂಬ ಪ್ರಯೋಜನಕ್ಕೆ ಬರುವ ಪರೀಕ್ಷೆ ಇದು. ಬಹಳ ಜನ ಮಾಡದಿರುವುದೂ ಇದನ್ನೇ, ಏಕೆಂದರೆ ಒಂದು ಗಂಟೆ ಕಾಯಬೇಕು.

ಮೊದಲು, ನಂಬಿಕೆಯ ಥರ್ಮಾಮೀಟರಿನ ಪ್ರೋಬನ್ನು ಪ್ಲೇಟಿನ ಪಕ್ಕದಲ್ಲಿ, ಗೋಡೆಗೆ ತಾಗದಂತೆ ಐದಾರು ಸೆಂಟಿಮೀಟರ್ ಮುಂದಕ್ಕೆ ನೇತುಹಾಕಿ 20 ನಿಮಿಷ ಬಿಡಿ. ನೀವು ಅಲ್ಲೇ ಮುಖ ಕೊಟ್ಟು ನಿಲ್ಲಬೇಡಿ, ಉಸಿರಿಗೇ ಅರ್ಧ ಡಿಗ್ರಿ ಏರುತ್ತದೆ. ಇದು ಮೊದಲ ರೀಡಿಂಗ್, ಗಾಳಿಯದ್ದು. ಅದೇ ಹೊತ್ತಿಗೆ ಬಿಎಂಎಸ್ ಏನು ತೋರಿಸುತ್ತಿದೆ ಎಂಬುದು ಎರಡನೆಯದು.

ಆಮೇಲೆ ಪ್ಲೇಟ್ ಬಿಚ್ಚಿ. ಬಿಚ್ಚುವ ಮುಂಚೆ ಆ ಬಾಕ್ಸಿನಲ್ಲಿ 230 ವೋಲ್ಟಿನ ವೈರು ಹಾದುಹೋಗಿದೆಯೋ ನೋಡಿ. ಇರಬಾರದು, ಆದರೆ ಇರುತ್ತದೆ. ಟೆಸ್ಟರ್ ಹಚ್ಚಿ, ಅನುಮಾನವಿದ್ದರೆ ಎಂಸಿಬಿ ಇಳಿಸಿ. ವೈರು ಕಳಚದೆ ಪ್ಲೇಟನ್ನು ಗೋಡೆಯಿಂದ ಏಳೆಂಟು ಸೆಂಟಿಮೀಟರ್ ಹೊರಗೆ ತೂಗಲು ಬಿಡಿ. ಬಾಕ್ಸಿನ ಬಾಯಿಗೆ ಒಂದು ತುಂಡು ಥರ್ಮಾಕೋಲ್ ಒತ್ತಿ. ಅರ್ಧ ಗಂಟೆ ಕಾದು ಬಿಎಂಎಸ್ ನೋಡಿ. ಇದು ಮೂರನೆಯದು.

ತೂಗುವಾಗ ಗಾಳಿಯ ರೀಡಿಂಗಿಗೆ ಅರ್ಧ ಡಿಗ್ರಿಯೊಳಗೆ ಬಂತೆಂದರೆ ಸೆನ್ಸರ್, ವೈರು, ಕಂಟ್ರೋಲರ್ ಮೂರೂ ಚೆನ್ನಾಗಿವೆ. ತಪ್ಪು ಗೋಡೆಯದ್ದು ಅಥವಾ ಬಾಕ್ಸಿನದ್ದು. ಗೋಡೆಯಲ್ಲಿದ್ದಾಗ ಎಷ್ಟು ತಪ್ಪಿತ್ತೋ ತೂಗುವಾಗಲೂ ಅಷ್ಟೇ ಇದ್ದರೆ ಗೋಡೆಯನ್ನು ಬಿಟ್ಟು ಓಮ್ ಅಳತೆಗೆ ಹೋಗಿ. ಎರಡರ ನಡುವೆ ಸಿಕ್ಕಿದರೆ ಎರಡು ದೋಷ ಒಟ್ಟಿಗಿವೆ. ಅದೂ ಅಪರೂಪವಲ್ಲ, ಏಕೆಂದರೆ ಹಿಂದೆ ಬಂದವರು ಯಾರೋ ಆಫ್‌ಸೆಟ್ ಹಾಕಿ ಹೋಗಿರುತ್ತಾರೆ. ಅದನ್ನು ಮೊದಲು ಸೊನ್ನೆ ಮಾಡಿ.

ಬಾಕ್ಸು ಮತ್ತು ಗೋಡೆ

ಪ್ಲೇಟ್ ಬಿಚ್ಚಿರುವಾಗಲೇ ಊದುಬತ್ತಿ ಹಚ್ಚಿ ಬಾಕ್ಸಿನ ಬಾಯಿಯ ಮುಂದೆ ಹಿಡಿಯಿರಿ. ಫ್ಯಾನ್ ಆಫ್ ಮಾಡಿ, ಬಾಗಿಲು ಹಾಕಿ. ಹೊಗೆ ರೂಮಿನ ಕಡೆಗೆ ಬಾಗಿದರೆ ಪಿವಿಸಿ ಪೈಪಿನಿಂದ ಗಾಳಿ ಬರುತ್ತಿದೆ. ಆ ಪೈಪಿನ ಇನ್ನೊಂದು ತುದಿ ಎಲ್ಲಿದೆ ಎಂದು ಹುಡುಕುವುದೇ ಉಳಿದ ಕೆಲಸ.

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆಯ ರೆಸಾರ್ಟುಗಳಲ್ಲಿ ಮೇಲೆ ಮಂಗಳೂರು ಹೆಂಚು, ಕೆಳಗೆ ಮರದ ಅಥವಾ ಜಿಪ್ಸಮ್ ಸೀಲಿಂಗ್ ಇರುವುದು ರೂಢಿ. ವೈರಿನ ಪೈಪು ಸೀಲಿಂಗಿನ ಮೇಲಿನ ಆ ಅಟ್ಟದಲ್ಲಿ ಬಾಯಿ ತೆರೆದುಕೊಂಡಿರುತ್ತದೆ. ಡಿಸೆಂಬರಿನ ಬೆಳಗಿನ ಜಾವ ಹೆಂಚಿನಡಿಯ ಗಾಳಿ ಕೊರೆಯುತ್ತಿರುತ್ತದೆ. ತಣ್ಣನೆಯ ಗಾಳಿ ಭಾರ. ನೆಟ್ಟಗೆ ಪೈಪಿನಲ್ಲಿ ಇಳಿದು ಪ್ಲೇಟಿನ ಬೆನ್ನಿಗೆ ಬಂದು ಕೂರುತ್ತದೆ. ಸೆನ್ಸರ್ ಚಳಿ ಎನ್ನುತ್ತದೆ, ಹೀಟರ್ ನಿಲ್ಲದೆ ಓಡುತ್ತದೆ, ಅತಿಥಿ ಕಿಟಕಿ ತೆಗೆಯುತ್ತಾರೆ. ಅದೇ ಪೈಪು ಏಪ್ರಿಲ್ ಮಧ್ಯಾಹ್ನ ಕಾದ ಹೆಂಚಿನ ಬಿಸಿಗಾಳಿಯನ್ನು ಕೊಡುತ್ತದೆ. ಬಿಸಿಗಾಳಿ ತಾನಾಗಿ ಕೆಳಗಿಳಿಯುವುದಿಲ್ಲ ನಿಜ, ಆದರೆ ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನ್ ಓಡುತ್ತಿದ್ದರೆ ರೂಮಿಗೆ ಗಾಳಿ ಬೇಕು, ಸಿಕ್ಕ ಸಂದಿಯಿಂದೆಲ್ಲ ಎಳೆದುಕೊಳ್ಳುತ್ತದೆ. ಹಾಗಾಗಿ ಊದುಬತ್ತಿ ಪರೀಕ್ಷೆಯನ್ನು ಎಕ್ಸಾಸ್ಟ್ ಆನ್ ಮಾಡಿ ಒಮ್ಮೆ, ಆಫ್ ಮಾಡಿ ಒಮ್ಮೆ ಮಾಡಿ.

ಹಾಸನದ ಆರ್‌ಸಿಸಿ ಕಟ್ಟಡಗಳಲ್ಲಿ ಕಥೆ ಸ್ವಲ್ಪ ಬೇರೆ. ಅಲ್ಲಿ ಫಾಲ್ಸ್ ಸೀಲಿಂಗಿನ ಮೇಲಿನ ಜಾಗವನ್ನೇ ಎಸಿಯ ವಾಪಸ್ ಗಾಳಿಯ ದಾರಿಯಾಗಿ ಬಳಸಿದ್ದರೆ ಬಾಕ್ಸಿನಿಂದ ಗಾಳಿ ಮೇಲಕ್ಕೆ ಹೋಗುತ್ತದೆ, ಹೊಗೆ ಒಳಕ್ಕೆ ಎಳೆಯಲ್ಪಡುತ್ತದೆ. ಪ್ಲೇಟಿನ ಬೆನ್ನಿಗೆ ಸಿಗುವುದು ರೂಮಿನದೇ ಗಾಳಿಯಾದ್ದರಿಂದ ಇದರಿಂದ ದೊಡ್ಡ ತಪ್ಪಾಗುವುದಿಲ್ಲ. ಪೈಪು ಎಲೆಕ್ಟ್ರಿಕಲ್ ಶಾಫ್ಟಿಗೋ ಟೆರೇಸಿನ ಔಟ್‌ಡೋರ್ ಯೂನಿಟ್ ಕಡೆಗೋ ಹೋಗಿದ್ದರೆ ಮಾತ್ರ ತೊಂದರೆ.

ಪರಿಹಾರ ಅಗ್ಗದ್ದು. ಪೈಪು ಬಾಕ್ಸಿಗೆ ಸೇರುವ ಬಾಯಿಯಲ್ಲಿ ವೈರಿನ ಸುತ್ತ ಡಕ್ಟ್ ಸೀಲ್ ಪುಟ್ಟಿಯನ್ನು ಎರಡು ಸೆಂಟಿಮೀಟರ್ ಆಳಕ್ಕೆ ತುಂಬಿ. ಮುಂದೆಂದಾದರೂ ವೈರು ಎಳೆಯಬೇಕಾದರೆ ಕೀಳಬಹುದು. ಉಬ್ಬುವ ಪಿಯು ಫೋಮ್ ಹೊಡೆದರೆ ಗಾಳಿಯೇನೋ ನಿಲ್ಲುತ್ತದೆ, ಪೈಪು ಮಾತ್ರ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಸಿಲಿಕೋನ್ ಹಾಕುವುದಾದರೆ ‘ನ್ಯೂಟ್ರಲ್ ಕ್ಯೂರ್’ ಎಂದು ಬರೆದಿರುವುದನ್ನೇ ಕೇಳಿ ತನ್ನಿ. ಹುಳಿ ವಿನೆಗರ್ ವಾಸನೆ ಬರುವ ಮಾಮೂಲಿ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಸಿಡ್ ಬಿಡುತ್ತದೆ, ತಾಮ್ರದ ಎಳೆಗೆ ಹಸಿರು ಕಿಲುಬು ಹಿಡಿಸುತ್ತದೆ. ಬಾಕ್ಸಿನ ಉಳಿದ ನಾಕ್‌ಔಟ್ ತೂತುಗಳನ್ನೂ ಮುಚ್ಚಿ. ಕೊನೆಗೆ ಬಾಕ್ಸಿನ ಖಾಲಿ ಜಾಗಕ್ಕೆ ಫೋಮ್ ತುಂಡು ತುರುಕಿದರೆ ಗಾಳಿ ಒಳಗೇ ಸುತ್ತುವುದೂ ನಿಲ್ಲುತ್ತದೆ. ಪ್ಲೇಟಿನ ಬೆನ್ನಿನ ಫೋಮ್ ಹಾಳೆ ಇದೆಯೇ ನೋಡಿ. ಹಿಂದೆ ಬಿಚ್ಚಿದವರು ಅದು ಪ್ಯಾಕಿಂಗ್ ಎಂದುಕೊಂಡು ಕಿತ್ತೆಸೆದಿರುವುದುಂಟು.

ಗಾಳಿ ಬರುತ್ತಿಲ್ಲ, ಆದರೂ ತೂಗುವಾಗ ಸರಿ, ಗೋಡೆಯಲ್ಲಿ ತಪ್ಪು. ಆಗ ಗೋಡೆಯೇ ಬೇರೆ ಬಿಸಿಯಲ್ಲಿದೆ. ಹೊರಗೋಡೆ, ಅದರಲ್ಲೂ ಪಡುವಣ ಗೋಡೆ, ಮಲೆನಾಡಿನ ಮಳೆಯಲ್ಲಿ ಎರಚಲು ಹೊಡೆಸಿಕೊಂಡು ಥಂಡಿ ಹಿಡಿದರೆ ತಿಂಗಳುಗಟ್ಟಲೆ ಬಿಡುವುದಿಲ್ಲ. ಸೈಜುಗಲ್ಲಿನ ದಪ್ಪ ಗೋಡೆ ಇನ್ನೂ ಮೊಂಡು. ರಾತ್ರಿಯ ಚಳಿಯನ್ನು ಮಧ್ಯಾಹ್ನದವರೆಗೆ ಹಿಡಿದಿಟ್ಟುಕೊಂಡಿರುತ್ತದೆ. ಒಳಗೋಡೆಯಾದರೆ ಆಚೆ ಬದಿಗೆ ಏನಿದೆ ಹೋಗಿ ನೋಡಿ: ಗೀಸರ್, ಬಿಸಿನೀರಿನ ಪೈಪು, ಅಡುಗೆಮನೆಯ ಒಲೆ, ಫ್ರಿಜ್ಜಿನ ಬೆನ್ನು, ಸರ್ವರ್ ರ್‍ಯಾಕ್. ಈಚೆ ಬದಿಗೆ ಅದೇ ಬಾಕ್ಸಿನಲ್ಲಿ ಅಥವಾ ಪಕ್ಕದಲ್ಲೇ ಫ್ಯಾನ್ ರೆಗ್ಯುಲೇಟರೋ ಡಿಮ್ಮರೋ ಇದ್ದರೆ ಅದರ ಬಿಸಿಯೇ ಒಂದೆರಡು ಡಿಗ್ರಿ ಕೂಡಿಸುತ್ತದೆ. ಎಲೆಕ್ಟ್ರಿಷಿಯನ್ನರಿಗೆ ಸಾಲಾಗಿ ಒಂದೇ ಬೋರ್ಡಿನಲ್ಲಿ ಕೂರಿಸುವುದು ಅಂದವಾಗಿ ಕಾಣುತ್ತದೆ. ಸೆನ್ಸರಿಗೆ ಅದು ಒಲೆಯ ಪಕ್ಕ ಕೂತಂತೆ.

ಇದಕ್ಕೆ ಪುಟ್ಟಿ ಸಾಲದು. ಜಾಗ ಬದಲಿಸುವುದೇ ಸರಿ: ಒಳಗೋಡೆ, ನೆಲದಿಂದ ಸುಮಾರು ಒಂದೂವರೆ ಮೀಟರ್, ಬಿಸಿಲು ಬೀಳದ, ಎಸಿ ಗ್ರಿಲ್ಲಿನ ಗಾಳಿ ನೇರ ತಾಗದ, ಬಾಗಿಲು ತೆರೆದಾಗ ಅದರ ಹಿಂದೆ ಸೇರಿಹೋಗದ ಜಾಗ. ಗೋಡೆ ಒಡೆಯಲು ಬಿಡದ ಕಡೆ 10 ಮಿಲಿಮೀಟರ್ ದಪ್ಪದ ಇನ್ಸುಲೇಷನ್ ಶೀಟನ್ನು ಪ್ಲೇಟಿಗಿಂತ ತುಸು ಚಿಕ್ಕದಾಗಿ ಕತ್ತರಿಸಿ ಪ್ಲೇಟಿನ ಹಿಂದೆ ಕೊಡಿ. ತಪ್ಪು ಪೂರ್ತಿ ಹೋಗುವುದಿಲ್ಲ, ಕಮ್ಮಿಯಾಗುತ್ತದೆ.

ಇನ್ನು ಪ್ಲೇಟಿನ ಮುಂಭಾಗ. ಅದು ಸೆನ್ಸರ್ ಎಂದು ಯಾರಿಗೂ ಗೊತ್ತಿಲ್ಲದಿರುವುದು ಇಲ್ಲಿ ತಿರುಗುಬಾಣ. ಮೇಲೆ ಕ್ಯಾಲೆಂಡರ್ ತೂಗುಹಾಕುತ್ತಾರೆ, ನೋಟಿಸ್ ಅಂಟಿಸುತ್ತಾರೆ, ಬೀರು ತಂದು ಒರಗಿಸುತ್ತಾರೆ. ಪೇಂಟ್ ಹೊಡೆದಿದ್ದರೆ ಗಾಬರಿ ಬೇಡ, ಒಂದು ಪದರ ಪೇಂಟಿನಿಂದ ರೀಡಿಂಗ್ ಕೆಡುವುದಿಲ್ಲ.

ಓಮ್ ಲೆಕ್ಕ

ಕಂಟ್ರೋಲರ್ ಕಡೆ ಎರಡೂ ವೈರು ಕಳಚಿ. ಕಳಚದೆ ಅಳೆದರೆ ಕಂಟ್ರೋಲರಿನ ಒಳಗಿನ ರೆಸಿಸ್ಟರ್ ಮತ್ತು ವೋಲ್ಟೇಜ್ ಸೇರಿ ಮೀಟರ್ ಏನೇನೋ ತೋರಿಸುತ್ತದೆ. ಕಳಚಿದ ವೈರುಗಳ ನಡುವೆ ಓಮ್ ಬರೆದುಕೊಳ್ಳಿ, ಆಮೇಲೆ ಸೆನ್ಸರಿನ ಬುಡದಲ್ಲೂ ವೈರು ಬಿಡಿಸಿ ಬರೆದುಕೊಳ್ಳಿ. ಎರಡರ ವ್ಯತ್ಯಾಸವೇ ವೈರಿನ ಪಾಲು.

ನಮ್ಮ ಕಡೆ ಹೆಚ್ಚಾಗಿ ಸಿಗುವ ಎಲಿಮೆಂಟುಗಳ ಓಮ್, ಸುಮಾರಾಗಿ (10ಕೆ ಎಂದರೆ 25 ಡಿಗ್ರಿಗೆ 10 ಕಿಲೋ ಓಮ್):

10ಕೆ ಎನ್‌ಟಿಸಿ ಟೈಪ್ 2: 0 ಡಿಗ್ರಿಗೆ 32,650, 15ಕ್ಕೆ 15,710, 20ಕ್ಕೆ 12,490, 25ಕ್ಕೆ 10,000, 30ಕ್ಕೆ 8,057.
10ಕೆ ಎನ್‌ಟಿಸಿ ಟೈಪ್ 3: 0 ಡಿಗ್ರಿಗೆ 29,490, 15ಕ್ಕೆ 15,130, 20ಕ್ಕೆ 12,260, 25ಕ್ಕೆ 10,000, 30ಕ್ಕೆ 8,194.
ಪಿಟಿ1000: 0 ಡಿಗ್ರಿಗೆ 1,000, 20ಕ್ಕೆ 1,077.9, 25ಕ್ಕೆ 1,097.3, 30ಕ್ಕೆ 1,116.7.

ಮೊದಲ ಎರಡು ಸಾಲುಗಳನ್ನು ಗಮನಿಸಿ. 25ರಲ್ಲಿ ಎರಡೂ ಒಂದೇ. ಹಾಗಾಗಿ ಟೈಪ್ 3 ಸೆನ್ಸರನ್ನು ಟೈಪ್ 2 ಟೇಬಲಿಗೆ ಕಟ್ಟಿದರೆ ಬೇಸಿಗೆಯಲ್ಲಿ ಪರೀಕ್ಷಿಸಿದವರಿಗೆ ಎಲ್ಲ ಸರಿಯಾಗೇ ಕಾಣುತ್ತದೆ. 15 ಡಿಗ್ರಿಯ ರೂಮನ್ನು ಅದು 15.8 ಎನ್ನುತ್ತದೆ, 30ನ್ನು 29.6 ಎನ್ನುತ್ತದೆ. ಚಳಿಗಾಲದಲ್ಲಿ ಜಾಸ್ತಿ, ಬೇಸಿಗೆಯಲ್ಲಿ ತುಸು ಕಮ್ಮಿ ತೋರಿಸುವ ಸೆನ್ಸರ್ ಕಂಡರೆ ಮೊದಲು ಇದನ್ನೇ ಅನುಮಾನಿಸಿ. ಟೈಪ್‌ನ ಹೆಸರು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಹೆಸರಿಗಿಂತ ಡೇಟಾ ಶೀಟಿನ ಓಮ್ ಪಟ್ಟಿಯನ್ನೇ ನಂಬಿ.

ಅನುಮಾನ ಪೂರ್ತಿ ಬಗೆಹರಿಯಬೇಕಾದರೆ ಐಸ್ ಪರೀಕ್ಷೆ. ಫ್ಲಾಸ್ಕಿನಂಥ ಪಾತ್ರೆಯಲ್ಲಿ ಐಸನ್ನು ಪುಡಿಮಾಡಿ ತುಂಬಿ, ಸಂದಿ ತುಂಬುವಷ್ಟೇ ನೀರು ಹಾಕಿ. ಪ್ಲೇಟನ್ನು ಜಿಪ್ ಕವರಿನಲ್ಲಿಟ್ಟು ಗಾಳಿ ಒತ್ತಿ ತೆಗೆದು ಮುಳುಗಿಸಿ, ವೈರಿನ ತುದಿ ಒದ್ದೆಯಾಗಬಾರದು. ಹತ್ತು ಹದಿನೈದು ನಿಮಿಷಕ್ಕೆ ಓಮ್ ನಿಲ್ಲುತ್ತದೆ. 32,650ರ ಹತ್ತಿರವೋ 29,490ರ ಹತ್ತಿರವೋ ಎಂಬುದರಲ್ಲಿ ಗೊಂದಲಕ್ಕೆ ಜಾಗವೇ ಇಲ್ಲ. ಕುದಿಯುವ ನೀರನ್ನು 100 ಡಿಗ್ರಿ ಎಂದುಕೊಂಡು ಪರೀಕ್ಷಿಸಲು ಹೋಗಬೇಡಿ: ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನ ಹಾಸನ, ಚಿಕ್ಕಮಗಳೂರಿನಲ್ಲಿ ನೀರು 96–97 ಡಿಗ್ರಿಗೇ ಕುದಿಯುತ್ತದೆ. ಮುಳ್ಳಯ್ಯನಗಿರಿಯ ಮೇಲಾದರೆ ಇನ್ನೂ ಕೆಳಗೆ. ಐಸಿಗೆ ಈ ಎತ್ತರದ ತಕರಾರಿಲ್ಲ.

ವಿಪರೀತ ತಪ್ಪುಗಳು ತಮ್ಮ ಗುರುತನ್ನು ತಾವೇ ಹೇಳುತ್ತವೆ. 25 ಡಿಗ್ರಿಯ ರೂಮು 10 ಡಿಗ್ರಿ ಎಂದರೆ 10ಕೆ ಜಾಗದಲ್ಲಿ 20ಕೆ ಬಂದಿದೆ, ಅಥವಾ ಎರಡು 10ಕೆ ಸೆನ್ಸರ್ ಸೀರೀಸ್‌ನಲ್ಲಿ ಕೂತಿವೆ. ಅದೇ ರೂಮು 41–42 ಎಂದರೆ ಎರಡು ಸೆನ್ಸರ್ ಪ್ಯಾರಲಲ್ ಆಗಿವೆ. ಹಳೆಯ ಥರ್ಮೋಸ್ಟಾಟನ್ನು ಕಳಚದೆ ಹೊಸ ಪ್ಲೇಟ್ ಸೇರಿಸಿದ ಕಡೆ ಹೀಗಾಗುತ್ತದೆ. 20 ಡಿಗ್ರಿಯ ರೂಮು 29ರ ಹತ್ತಿರ ತೋರಿಸಿದರೆ ಎನ್‌ಐ1000 ಎಲಿಮೆಂಟನ್ನು ಪಿಟಿ1000 ಎಂದು ಸೆಟ್ ಮಾಡಿದ್ದಾರೆ: ಹಳೆಯ ಡಿಐಎನ್ ಮಾದರಿಯ ಎನ್‌ಐ1000, 20 ಡಿಗ್ರಿಗೆ 1,112 ಓಮ್ ಇರುತ್ತದೆ.

ವೈರಿನ ಓಮ್ ಎಲ್ಲ ಎಲಿಮೆಂಟಿಗೂ ಒಂದೇ ತೊಂದರೆ ಕೊಡುವುದಿಲ್ಲ. 0.5 ಚದರ ಮಿಲಿಮೀಟರಿನ ಎಳೆವೈರು ಕಿಲೋಮೀಟರಿಗೆ 39 ಓಮ್. ರೂಮು ಪ್ಯಾನೆಲಿನಿಂದ 50 ಮೀಟರ್ ದೂರವಿದ್ದರೆ ಹೋಗಿ ಬಂದು 100 ಮೀಟರ್, ಅಂದರೆ 3.9 ಓಮ್. 10ಕೆ ಥರ್ಮಿಸ್ಟರಿಗೆ ಒಂದು ಡಿಗ್ರಿ ಎಂದರೆ 440 ಓಮ್ ಆದ್ದರಿಂದ ಇದು ಲೆಕ್ಕಕ್ಕೇ ಇಲ್ಲ. ಪಿಟಿ1000ಗೆ ಡಿಗ್ರಿಗೆ 3.85 ಓಮ್, ಸರಿಯಾಗಿ ಒಂದು ಡಿಗ್ರಿ ಜಾಸ್ತಿ ತೋರಿಸುತ್ತದೆ. ಪಿಟಿ100 (0 ಡಿಗ್ರಿಗೆ 100 ಓಮ್ ಇರುವ ಪ್ಲಾಟಿನಂ) ಆದರೆ ಹತ್ತು ಡಿಗ್ರಿ! ಪಿಟಿ100ನ್ನು ಎರಡೇ ವೈರಿನಲ್ಲಿ ದೂರ ಎಳೆದಿದ್ದು ಕಂಡರೆ ಬೇರೆ ಏನನ್ನೂ ಹುಡುಕಬೇಡಿ. ಮೂರು ವೈರಿಗೆ ಬದಲಿಸಿ, ಇಲ್ಲವೇ ಎಲಿಮೆಂಟ್ ಬದಲಿಸಿ.

ಓಮ್ ಅಳೆಯುವಾಗಲೇ ಪ್ಲೇಟಿನ ಬೆನ್ನಿನಲ್ಲಿ ಎಪಾಕ್ಸಿಯಿಂದ ವೈರು ಹೊರಬರುವ ಜಾಗವನ್ನು ಮೆಲ್ಲಗೆ ಅಲುಗಿಸಿ. ಮೀಟರ್ ಹಾರಿದರೆ ಎಳೆ ಒಳಗೇ ತುಂಡಾಗಿದೆ. ಪ್ಲೇಟನ್ನು ವೈರಿನಲ್ಲೇ ನೇತಾಡಿಸಿ ಪೇಂಟ್ ಮಾಡಿದ ಕಟ್ಟಡಗಳಲ್ಲಿ ಇದು ಸಾಮಾನ್ಯ. ರಿಪೇರಿ ಇಲ್ಲ, ಬದಲಿಸುವುದೇ.

ತೇವ

ಮಳೆಗಾಲದಲ್ಲಿ ಮಾತ್ರ ಬರುವ ದೂರಿಗೆ ಪ್ರತ್ಯೇಕ ಗಮನ ಬೇಕು. ವೈರು ಜೋಡಿಸಿ ಪಿವಿಸಿ ಟೇಪ್ ಸುತ್ತಿದ ಜಾಯಿಂಟ್ ಮೊದಲೆರಡು ವರ್ಷ ಚೆನ್ನಾಗಿರುತ್ತದೆ. ಆಮೇಲೆ ಟೇಪಿನ ಅಂಟು ಬಿಡುತ್ತದೆ, ಥಂಡಿ ಗೋಡೆಯ ಬಾಕ್ಸಿನಲ್ಲಿ ಬೆವರು ಕೂರುತ್ತದೆ, ಎರಡು ವೈರಿನ ನಡುವೆ ಕಾಣದ ದಾರಿಯೊಂದು ಹುಟ್ಟುತ್ತದೆ.

ಆ ದಾರಿ 1 ಲಕ್ಷ ಓಮಿನದ್ದು ಎಂದಿಟ್ಟುಕೊಳ್ಳಿ. 20 ಡಿಗ್ರಿಯಲ್ಲಿ 12,490 ಇರಬೇಕಾದ ಥರ್ಮಿಸ್ಟರ್ ಆಗ 11,100ರಂತೆ ಕಾಣುತ್ತದೆ, ಬಿಎಂಎಸ್ 22.5 ಎನ್ನುತ್ತದೆ. ಅದೇ ತೇವ ಪಿಟಿ1000ರ ಮೇಲಾದರೆ 1,077.9 ಓಮ್ 1,066.4 ಆಗಿ 17 ಡಿಗ್ರಿ ತೋರಿಸುತ್ತದೆ. ಅಂದರೆ ತೇವ ಥರ್ಮಿಸ್ಟರನ್ನು ಬಿಸಿ ಮಾಡುತ್ತದೆ, ಪ್ಲಾಟಿನಮ್ಮನ್ನು ತಣ್ಣಗೆ ಮಾಡುತ್ತದೆ. ಸಡಿಲ ಟರ್ಮಿನಲ್ ಇದಕ್ಕೆ ಉಲ್ಟಾ: ಪ್ಲಾಟಿನಂ ಬಿಸಿ ತೋರಿಸುತ್ತದೆ, ಥರ್ಮಿಸ್ಟರಿಗೆ ಕಿಲುಬಿನಿಂದ ನೂರಾರು ಓಮ್ ಸೇರುವ ತನಕ ಏನೂ ಗೊತ್ತಾಗುವುದಿಲ್ಲ.

ಪರೀಕ್ಷೆಗೆ ವೈರಿನ ಎರಡೂ ತುದಿ ಬಿಡಿಸಿ, ಎರಡು ಎಳೆಗಳ ನಡುವೆ ಮೀಟರಿನ ಅತಿ ದೊಡ್ಡ ಓಮ್ ರೇಂಜಿನಲ್ಲಿ ನೋಡಿ. ಮೀಟರ್ ‘ಓಪನ್’ ಎನ್ನಬೇಕು. ಒಂದು ಮೆಗಾ ಓಮ್ ಸಿಕ್ಕರೂ ಥರ್ಮಿಸ್ಟರಿನಲ್ಲಿ ಕಾಲು ಡಿಗ್ರಿ ತಪ್ಪು, ಮತ್ತು ಅದು ಅಲ್ಲಿಗೇ ನಿಲ್ಲುವುದಿಲ್ಲ. ಮೆಗ್ಗರ್ (ಹೆಚ್ಚು ವೋಲ್ಟ್ ಹಾಯಿಸಿ ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಚ್ಚುವುದಾದರೆ ಸೆನ್ಸರ್, ಕಂಟ್ರೋಲರ್ ಎರಡೂ ಕಳಚಿವೆ ಎಂದು ಕಣ್ಣಾರೆ ನೋಡಿಕೊಂಡು ಹಚ್ಚಿ. 500 ವೋಲ್ಟ್ ಒಮ್ಮೆ ಹೋದರೆ ಇನ್‌ಪುಟ್ ಮತ್ತೆ ಬರುವುದಿಲ್ಲ.

ಜಾಯಿಂಟ್ ಕತ್ತರಿಸಿ, ತಾಮ್ರ ಹೊಳೆಯುವ ತನಕ ವೈರು ಹಿಂದಕ್ಕೆ ಸುಲಿದು, ಜೆಲ್ ತುಂಬಿದ ಕನೆಕ್ಟರಿನಲ್ಲಿ ಒತ್ತಿ. ವೈರಿಗೆ ಬಾಕ್ಸಿನೊಳಗೆ ಒಂದು ಇಳಿಬಾಗು ಕೊಟ್ಟು, ಪೈಪಿನಿಂದ ಜಾರುವ ಹನಿ ಜಾಯಿಂಟಿಗೆ ತಲುಪದಂತೆ ಮಾಡಿ. ಬಾಕ್ಸಿನಲ್ಲಿ ಇರುವೆ ಗೂಡು, ಹಲ್ಲಿ ಮೊಟ್ಟೆ, ಕಣಜದ ಮಣ್ಣು ಕಂಡರೆ ಪೈಪು ಎಲ್ಲೋ ಹೊರಗೆ ತೆರೆದಿದೆ ಎಂದೇ ಅರ್ಥ.

ಕಂಟ್ರೋಲರ್ ತುದಿ

ಸೆನ್ಸರ್ ವೈರಿನ ಬದಲು 10 ಕಿಲೋ ಓಮ್ ರೆಸಿಸ್ಟರನ್ನು ನೇರ ಇನ್‌ಪುಟ್ಟಿಗೆ ಸಿಕ್ಕಿಸಿ. 10ಕೆ ಎನ್‌ಟಿಸಿ ಪಾಯಿಂಟ್ 25.0 ತೋರಿಸಬೇಕು. 1 ಶೇಕಡಾ ರೆಸಿಸ್ಟರ್ ಆದರೆ ಕಾಲು ಡಿಗ್ರಿ ಆಚೀಚೆ ಇರಬಹುದು. ಪಿಟಿ1000ಗೆ 1.1 ಕಿಲೋ ಓಮ್ ಹಾಕಿದರೆ 25.7 ಬರಬೇಕು. ಆದರೆ ಇಲ್ಲಿ 1 ಶೇಕಡಾ ರೆಸಿಸ್ಟರ್ ಪ್ರಯೋಜನವಿಲ್ಲ. 11 ಓಮಿನ ವ್ಯತ್ಯಾಸವೇ ಸುಮಾರು ಮೂರು ಡಿಗ್ರಿ. 0.1 ಶೇಕಡಾದ್ದೇ ಬೇಕು.

ರೆಸಿಸ್ಟರಿನಲ್ಲಿ ತಪ್ಪಿದರೆ ಇನ್‌ಪುಟ್ಟಿನ ಜಂಪರ್ ಅಥವಾ ಡಿಪ್ ಸ್ವಿಚ್ ನೋಡಿ. ವೋಲ್ಟ್, ಮಿಲಿ ಆಂಪ್, ಥರ್ಮಿಸ್ಟರ್ ಮೂರರಲ್ಲಿ ಯಾವುದಕ್ಕಿದೆ? ಆಮೇಲೆ ಸಾಫ್ಟ್‌ವೇರಿನ ಟೇಬಲ್. ಎರಡೂ ಸರಿಯಿದ್ದರೆ ಅದೇ ರೆಸಿಸ್ಟರನ್ನು ಖಾಲಿ ಚಾನೆಲ್ಲಿಗೆ ಹಾಕಿ ಹೋಲಿಸಿ. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿನ ನಂತರ ಒಂದೇ ಚಾನೆಲ್ ಸತ್ತಿರುವುದು ಅಪರೂಪವಲ್ಲ, ಅದರಲ್ಲೂ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಿನಲ್ಲಿ ವೈರು ಎಳೆದಿದ್ದರೆ.

ಪ್ಲೇಟಿನ ಹಿಂದೆ ಟ್ರಾನ್ಸ್‌ಮಿಟರ್ (ರೀಡಿಂಗನ್ನು ಕರೆಂಟಾಗಿ ಕಳಿಸುವ ಸರ್ಕ್ಯೂಟ್) ಇರುವ ಮಾದರಿಯಾದರೆ ಓಮ್ ಅಳೆಯಬೇಡಿ, ಕರೆಂಟ್ ಅಳೆಯಿರಿ. 0–50 ಡಿಗ್ರಿ ರೇಂಜಿನ 4–20 ಮಿಲಿ ಆಂಪ್ ಟ್ರಾನ್ಸ್‌ಮಿಟರ್ 25 ಡಿಗ್ರಿಗೆ 12, 20ಕ್ಕೆ 10.4 ಮಿಲಿ ಆಂಪ್ ಕೊಡಬೇಕು. ಸೊನ್ನೆ ಬಂದರೆ ಪ್ಲಸ್ ಮೈನಸ್ ಅದಲುಬದಲಾಗಿದೆ ಅಥವಾ 24 ವೋಲ್ಟ್ ಇಲ್ಲ. ಪರದೆ ಸರಿಯಾಗಿ ಎರಡರಷ್ಟು ತೋರಿಸಿದರೆ ಸಾಫ್ಟ್‌ವೇರಿನಲ್ಲಿ ರೇಂಜನ್ನು 0–100 ಎಂದು ತುಂಬಿದ್ದಾರೆ.

ರೀಡಿಂಗ್ ಕುಣಿಯುತ್ತಿದ್ದರೆ ಶೀಲ್ಡ್, ಅಂದರೆ ವೈರಿನ ಸುತ್ತಲಿನ ಲೋಹದ ಹೊದಿಕೆ ನೋಡಿ. ಕಂಟ್ರೋಲರ್ ತುದಿಯಲ್ಲಿ ಮಾತ್ರ ಅರ್ತ್ ಆಗಿರಬೇಕು, ಸೆನ್ಸರ್ ತುದಿಯಲ್ಲಿ ಕತ್ತರಿಸಿ ಟೇಪ್ ಸುತ್ತಿರಬೇಕು. ಎರಡೂ ಕಡೆ ಅರ್ತ್ ಆಗಿದ್ದರೆ ಶೀಲ್ಡೇ ಕರೆಂಟಿನ ದಾರಿಯಾಗುತ್ತದೆ. ಬಿಚ್ಚಿದ ವೈರುಗಳ ನಡುವೆ ಎಸಿ ವೋಲ್ಟ್ ಕಂಡರೆ ಪವರ್ ಕೇಬಲ್ ಒಟ್ಟಿಗೇ ಓಡಿದೆ. ಕನಿಷ್ಠ 30 ಸೆಂಟಿಮೀಟರ್ ಅಂತರ ಬೇಕು, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿ.

ಕೈವಾಡ

ಒದ್ದೆ ಕರವಸ್ತ್ರ, ಐಸ್ ಕಟ್ಟಿದ ನೀರಿನ ಬಾಟಲಿ, ಬಿಸಿ ಕಾಫಿ ಲೋಟ, ಹೇರ್ ಡ್ರೈಯರ್. ಹಾಸ್ಟೆಲ್ಲಿನಲ್ಲಿ ಯಾವ ಪ್ಲೇಟ್ ಎಸಿಯ ಮೂಗುದಾರ ಎಂಬುದನ್ನು ಹುಡುಗರು ಒಂದು ಸೆಮಿಸ್ಟರಿನಲ್ಲಿ ಕಂಡುಹಿಡಿಯುತ್ತಾರೆ, ಸ್ಕ್ರೂ ಎಷ್ಟು ಗಟ್ಟಿಯಿದ್ದರೂ. ಪ್ಲೇಟಿನಲ್ಲಿ ಕಾಫಿ ಕಲೆ, ಕೆಳಗೆ ಗೋಡೆಯಲ್ಲಿ ನೀರಿನ ಗೆರೆ ಇವೆಯೇ ನೋಡಿ. ಜಗಳಕ್ಕಿಂತ ಪ್ರೋಗ್ರಾಮಿನಲ್ಲಿ ಸರಿಪಡಿಸುವುದು ವಾಸಿ: ದೊಡ್ಡ ಹಾಲ್ ಆದರೆ ಎರಡು ಮೂರು ಪ್ಲೇಟುಗಳ ಸರಾಸರಿಗೆ ಎಸಿ ಓಡಲಿ, ಮತ್ತು ಐದು ನಿಮಿಷದಲ್ಲಿ ಮೂರು ಡಿಗ್ರಿಗಿಂತ ಹೆಚ್ಚು ಹಾರಿದ ಸೆನ್ಸರನ್ನು ಅರ್ಧ ಗಂಟೆ ಲೆಕ್ಕದಿಂದ ಹೊರಗಿಡಲಿ.

ಮತ್ತೆ ಕೂರಿಸುವಾಗ

ಹೊರದೇಶದ ಪ್ಲೇಟ್ ನಮ್ಮ ಬಾಕ್ಸಿಗೆ ಕೂರದಿರುವುದು ಒಂದು ತಲೆನೋವು. ಅಮೆರಿಕದ ಪ್ಲೇಟಿನ ಸ್ಕ್ರೂ ತೂತುಗಳ ಅಂತರ 83.3 ಮಿಲಿಮೀಟರ್, ಬ್ರಿಟಿಷ್ ಪ್ಲೇಟಿನದ್ದು 60.3. ಬಾಕ್ಸ್ ಅಳೆದೇ ಪ್ಲೇಟ್ ತರಿಸಿ. ಸೈಟಿನಲ್ಲಿ ಪ್ಲೇಟಿಗೆ ಹೊಸ ತೂತು ಕೊರೆದರೆ ಡ್ರಿಲ್ಲಿನ ಬಿಸಿ ಮತ್ತು ಅದುರಾಟಕ್ಕೆ ಎಪಾಕ್ಸಿ ಬಿಡುತ್ತದೆ, ಆಮೇಲೆ ಎಲಿಮೆಂಟ್ ಪ್ಲೇಟನ್ನು ಬಿಟ್ಟು ಬಾಕ್ಸಿನ ಗಾಳಿಯನ್ನು ಅಳೆಯತೊಡಗುತ್ತದೆ. ಸ್ಕ್ರೂ ಬಿಗಿಯುವಾಗ ಪ್ಲೇಟ್ ಬಾಗುವಷ್ಟು ತಿರುಗಿಸಬೇಡಿ; ಗಾರೆ ಏರುಪೇರಿದ್ದರೆ ಅಂಚಿನ ಸಂದಿಗೆ ಪೇಂಟ್ ಮಾಡಬಹುದಾದ ಸೀಲಂಟ್ ಎಳೆಯಿರಿ.

ಆಫ್‌ಸೆಟ್ ಮಾತು ಕೊನೆಗೆ. ಒಳ್ಳೆಯ ಥರ್ಮಿಸ್ಟರ್ 0.2 ಡಿಗ್ರಿಯೊಳಗೆ, ಕ್ಲಾಸ್ ಬಿ ಪ್ಲಾಟಿನಂ ರೂಮಿನ ಬಿಸಿಯಲ್ಲಿ 0.4 ಡಿಗ್ರಿ ಆಸುಪಾಸಿನಲ್ಲಿ ಇರುತ್ತದೆ. ಹಾಗಾಗಿ ಅರ್ಧ ಡಿಗ್ರಿಯ ಆಫ್‌ಸೆಟ್ ಒಪ್ಪಬಹುದು. ಒಂದಕ್ಕಿಂತ ಹೆಚ್ಚು ಬೇಕಾಯಿತೆಂದರೆ ದೋಷ ಇನ್ನೂ ಸಿಕ್ಕಿಲ್ಲ. ಗೋಡೆಯ ತಪ್ಪಿಗೆ ಜನವರಿಯಲ್ಲಿ ಹಾಕಿದ ಆಫ್‌ಸೆಟ್ ಏಪ್ರಿಲಿನಲ್ಲಿ ತಪ್ಪನ್ನು ದುಪ್ಪಟ್ಟು ಮಾಡುತ್ತದೆ. ಹಾಕಿದ ಅಂಕಿ, ತಾರೀಕು, ಅಂದಿನ ಮೂರು ರೀಡಿಂಗ್ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಪ್ಯಾನೆಲ್ ಬಾಗಿಲಿನ ಒಳಮೈಗೆ ಅಂಟಿಸಿ. ಮುಚ್ಚಿದ ಮೇಲೆ ಎರಡು ಗಂಟೆ ಬಿಟ್ಟು ಒಮ್ಮೆ, ಮರುದಿನ ಬೆಳಗ್ಗೆ ಆರಕ್ಕೆ ಮತ್ತು ಮಧ್ಯಾಹ್ನ ಮೂರಕ್ಕೆ ಒಮ್ಮೊಮ್ಮೆ ಥರ್ಮಾಮೀಟರಿನೊಂದಿಗೆ ಹೋಲಿಸಿ. ಮೂರೂ ಹೊತ್ತು ಅಂತರ ಒಂದೇ ಇದ್ದರೆ ದೂರನ್ನು ಮುಗಿಸಬಹುದು. ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಬಂದರೆ ಪುಟ್ಟಿ ಎಲ್ಲೋ ಬಾಯಿಬಿಟ್ಟಿದೆ, ಪ್ಲೇಟ್ ಮತ್ತೆ ಬಿಚ್ಚಿ.